ದೂರವಿಟ್ಟ ಮಕ್ಕಳ ತಾಯಿ ಡಾ. ಮಾರಿಯಾ ಮಾಂಟೆಸ್ಸರಿ

ಶಿಕ್ಷಣಕ್ಷೇತ್ರದಲ್ಲಿ ದುಡಿಯುವವರಿಗೆ ಮಾಂಟೆಸ್ಸರಿ ಎಂಬ ಹೆಸರು ಹೊಸದಲ್ಲ. ಬೀದರ, ಭಾಲ್ಕಿಗಳಂತಹ ಊರುಗಳ ಬೀದಿಗಳಲ್ಲಿಯೂ ಈ ಹೆಸರನ್ನು ಹೊತ್ತ ಶಾಲಾ ಫಲಕಗಳು ಕಣ್ಣಿಗೆ ಬೀಳುತ್ತವೆ. ಒಳಗೆ ಬಣ್ಣಬಣ್ಣದ ಆಟಿಕೆಗಳು, ಅಚ್ಚುಕಟ್ಟಾದ ಸಮವಸ್ತ್ರ ತೊಟ್ಟ ಪುಟಾಣಿಗಳು. ಹೊರಗೆ ಪ್ರವೇಶಕ್ಕಾಗಿ ಕಾದು ನಿಂತ ಅನುಕೂಲಸ್ಥ ತಂದೆತಾಯಿಗಳು. ಈ ಚಿತ್ರವನ್ನು ಕಂಡವರಿಗೆ ಈ ಪದ್ಧತಿಯು ಚೂಟಿಯಾದ, ಉಳ್ಳವರ ಮಕ್ಕಳಿಗಾಗಿಯೇ ಹುಟ್ಟಿತೆಂದು ತೋರುವುದು ಸಹಜ. ಆದರೆ ಅದು ಮೊದಲು ಕಣ್ಣು ತೆರೆದದ್ದು ರೋಮ್ ನಗರದ ಹುಚ್ಚಾಸ್ಪತ್ರೆಗಳ ಗೋಡೆಗಳ ನಡುವೆ. ಕಲಿಯಲಾರದವರೆಂದು ಸಮಾಜವು ಕೈಬಿಟ್ಟಿದ್ದ, ಬುದ್ಧಿಯ ಬೆಳವಣಿಗೆ ಕುಂಠಿತಗೊಂಡ ಮಕ್ಕಳ ಸಲುವಾಗಿ. ಆ ತಾಯಿಯ ಜೀವನದ ಈ ಮೊದಲ ಅಧ್ಯಾಯವು ಬಹುಮಟ್ಟಿಗೆ ಮರೆತುಹೋಗಿದೆ. ವಿದ್ಯಾದಾನವನ್ನೇ ವ್ರತವಾಗಿ ಕೈಕೊಂಡಿರುವ ಮಠದ ಶಾಲೆಯೊಂದರ ಸಂಚಿಕೆಯಲ್ಲಿ ಅದನ್ನು ನೆನೆಯುವುದು ಉಚಿತವೆಂದು ಭಾವಿಸುತ್ತೇನೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಮಾರಿಯಾ ಮಾಂಟೆಸ್ಸರಿಯವರು 1870ನೆಯ ಇಸವಿಯ ಆಗಸ್ಟ್ 31ರಂದು ಇಟಲಿ ದೇಶದ ಅಂಕೋನಾ ಪ್ರಾಂತದ ಕಿಯಾರವಲ್ಲೆ ಎಂಬ ಊರಿನಲ್ಲಿ ಜನಿಸಿದರು. ತಂದೆ ಅಲೆಸ್ಸಾಂದ್ರೊ ಸರಕಾರಿ ಅಧಿಕಾರಿ. ಹಳೆಯ ಸಂಪ್ರದಾಯಗಳಲ್ಲಿ ನಂಬಿಕೆಯುಳ್ಳವರು. ತಾಯಿ ರೆನಿಲ್ಡೆ ಓದುಬರಹ ಬಲ್ಲವರು. ಮಗಳ ಮನಸ್ಸಿನ ಒಲವನ್ನು ಅರಿತು ಬೆಂಬಲ ಕೊಟ್ಟವರು. ತಂದೆಯ ನೌಕರಿಯ ನಿಮಿತ್ತ ಸಂಸಾರವು 1875ರಲ್ಲಿ ರೋಮ್ ನಗರಕ್ಕೆ ಬಂದು ನೆಲೆಸಿತು.

ಹೆಣ್ಣುಮಗಳು ಹೆಚ್ಚೆಂದರೆ ಶಿಕ್ಷಕಿಯಾಗಬಹುದೆಂದು ಜನ ತಿಳಿದಿದ್ದ ಕಾಲವದು. ಮಾರಿಯಾ ಬಾಲಕರ ತಾಂತ್ರಿಕ ಶಾಲೆಯನ್ನು ಸೇರಿ ಗಣಿತವನ್ನು ಅಭ್ಯಸಿಸಿದರು; ಮೊದಲು ಎಂಜಿನಿಯರ್ ಆಗಬೇಕೆಂದು ಬಯಸಿ, ಬಳಿಕ ವೈದ್ಯವಿದ್ಯೆಯತ್ತ ತಿರುಗಿದರು. ರೋಮ್ ವಿಶ್ವವಿದ್ಯಾಲಯದಲ್ಲಿ ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಗಂಡು ವಿದ್ಯಾರ್ಥಿಗಳ ಜೊತೆಯಲ್ಲಿ ಹೆಣ್ಣೊಬ್ಬಳು ಶವಚ್ಛೇದನ ಮಾಡುವುದು ಅಸಭ್ಯವೆಂದು ಎಣಿಸಲಾಗಿದ್ದುದರಿಂದ, ಎಲ್ಲರೂ ಹೊರಟುಹೋದ ಮೇಲೆ ಅವರೊಬ್ಬರೇ ಆ ಕೊಠಡಿಯಲ್ಲಿ ಕುಳಿತು ಅಭ್ಯಾಸ ಮಾಡಬೇಕಾಗಿತ್ತು. ಇಷ್ಟಾದರೂ ಧೃತಿಗೆಡದೆ 1896ರಲ್ಲಿ ವೈದ್ಯಪದವಿಯನ್ನು ಸಂಪಾದಿಸಿ, ಇಟಲಿಯ ಮೊದಮೊದಲ ಮಹಿಳಾ ವೈದ್ಯರಲ್ಲಿ ಒಬ್ಬರಾದರು. ಅದೇ ವರ್ಷ ಬರ್ಲಿನ್ ನಗರದಲ್ಲಿ ನಡೆದ ಮಹಿಳಾ ಸಮ್ಮೇಳನದಲ್ಲಿ ಇಟಲಿಯ ಪ್ರತಿನಿಧಿಯಾಗಿ ಭಾಗವಹಿಸಿ, ದುಡಿಯುವ ಹೆಂಗಸರಿಗೆ ಗಂಡಸರ ಸಮಾನವಾದ ಕೂಲಿ ದೊರೆಯಬೇಕೆಂದು ವಾದಿಸಿದರು.

ಹುಚ್ಚಾಸ್ಪತ್ರೆಯಲ್ಲಿ ಕಂಡ ಮಕ್ಕಳು

ಪದವಿ ಪಡೆದ ಮೇಲೆ ಅವರು ವಿಶ್ವವಿದ್ಯಾಲಯದ ಮನೋರೋಗ ಚಿಕಿತ್ಸಾಲಯದಲ್ಲಿ ಸ್ವಯಂಪ್ರೇರಣೆಯಿಂದ ಸೇವೆಗೆ ನಿಂತರು. ಚಿಕಿತ್ಸೆಗೆ ಯೋಗ್ಯರಾದ ರೋಗಿಗಳನ್ನು ಆರಿಸಲು ನಗರದ ಹುಚ್ಚಾಸ್ಪತ್ರೆಗಳಿಗೆ ಹೋಗಿಬರುವುದು ಅವರ ಕೆಲಸದ ಒಂದು ಭಾಗವಾಗಿತ್ತು. ಬುದ್ಧಿಮಾಂದ್ಯವುಳ್ಳ ಮಕ್ಕಳನ್ನು ಆಗ ಮನೋರೋಗಿಗಳಾದ ವಯಸ್ಕರ ಜೊತೆಯಲ್ಲಿಯೇ ಕೂಡಿಹಾಕುತ್ತಿದ್ದರು. ಒಂದು ಆಟಿಕೆಯಿಲ್ಲ, ಒಂದು ಚಿತ್ರವಿಲ್ಲ, ಕೈಯಲ್ಲಿ ಹಿಡಿಯಲು ಒಂದು ಕಡ್ಡಿಯೂ ಇಲ್ಲದ ಬರಿಯ ಕೋಣೆ. ಊಟವಾದ ಬಳಿಕ ಮಕ್ಕಳು ನೆಲದ ಮೇಲೆ ಬಿದ್ದ ರೊಟ್ಟಿಯ ಚೂರುಗಳಿಗಾಗಿ ಮುಗಿಬೀಳುತ್ತಿದ್ದರೆಂದೂ, ಅವರನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಅದನ್ನು ಹೊಟ್ಟೆಬಾಕತನವೆಂದು ಜರೆದಳೆಂದೂ ಅವರ ಚರಿತ್ರೆಕಾರರು ಹೇಳುತ್ತಾರೆ. ತರುಣ ವೈದ್ಯೆಯ ಕಣ್ಣಿಗೆ ಕಂಡದ್ದೇ ಬೇರೆ. ಹೊಟ್ಟೆಗೆ ಹಸಿವಿದ್ದಂತೆ ಕೈಗಳಿಗೂ ಕಣ್ಣುಗಳಿಗೂ ಹಸಿವುಂಟು; ಆ ಮಕ್ಕಳು ಚೂರುಗಳನ್ನು ಹೆಕ್ಕುತ್ತಿದ್ದುದು ತಿನ್ನುವುದಕ್ಕಿಂತಲೂ ಮುಟ್ಟಿ, ಹೊರಳಿಸಿ, ಆಡುವುದಕ್ಕಾಗಿ. ಆ ಕೋಣೆಯಲ್ಲಿ ಅವರ ಕೈಗೆ ಸಿಕ್ಕ ಏಕಮಾತ್ರ ವಸ್ತುವು ಅದಾಗಿತ್ತು. ಮಾಂಟೆಸ್ಸರಿಯವರ ಜೀವನದ ದಿಕ್ಕನ್ನು ಬದಲಿಸಿದ ಅರಿವು ಇದೇ.

ಇಬ್ಬರು ಪೂರ್ವಸೂರಿಗಳು

ಈ ಮಕ್ಕಳಿಗೆ ದಾರಿ ಯಾವುದೆಂದು ಹುಡುಕುತ್ತ ಹೊರಟವರಿಗೆ ಫ್ರಾನ್ಸ್ ದೇಶದ ಇಬ್ಬರು ವೈದ್ಯರ ಗ್ರಂಥಗಳು ದೊರೆತವು. ಮೊದಲನೆಯವರು ಜಾನ್ ಇತಾರ್ (1774–1838). ಅವೆರಾನ್ ಪ್ರಾಂತದ ಕಾಡಿನಲ್ಲಿ ಒಂಟಿಯಾಗಿ ಬೆಳೆದು, 1800ರಲ್ಲಿ ಜನರ ಕೈಗೆ ಸಿಕ್ಕ ಹುಡುಗನೊಬ್ಬನನ್ನು ಪ್ಯಾರಿಸ್ ನಗರಕ್ಕೆ ಕರೆತಂದಾಗ, ದೊಡ್ಡ ದೊಡ್ಡ ವೈದ್ಯರು ಅವನು ತಿದ್ದಲಾರದವನೆಂದು ಕೈಚೆಲ್ಲಿದರು. ಇತಾರ್ ಅವನಿಗೆ ವಿಕ್ಟರ್ ಎಂದು ಹೆಸರಿಟ್ಟು ವರ್ಷಗಟ್ಟಲೆ ಶ್ರಮಿಸಿದರು. ಹುಡುಗನು ಮಾತು ಕಲಿಯಲಿಲ್ಲ. ಆದರೆ ಬಿಸಿ-ತಂಪು, ರುಚಿ, ಸ್ಪರ್ಶ, ಆಕಾರಗಳನ್ನು ಗುರುತಿಸಲು ಕಲಿತನು. ತನ್ನನ್ನು ಸಾಕಿದವರನ್ನು ಪ್ರೀತಿಸಲು ಕಲಿತನು. ಇತಾರ್ ತಾವು ಸೋತೆವೆಂದುಕೊಂಡರು. ಇಂದ್ರಿಯಗಳ ಶಿಕ್ಷಣದ ಮೂಲಕ ಬುದ್ಧಿಯನ್ನು ಎಚ್ಚರಿಸಬಹುದೆಂಬ ಬೀಜವು ಮಾತ್ರ ಆ ಸೋಲಿನಿಂದಲೇ ಮೊಳೆಯಿತು.

ಎರಡನೆಯವರು ಅವರ ಶಿಷ್ಯರಾದ ಎದುವಾರ್ ಸೆಗ್ವಾಂ (1812–1880). ಇವರು ಪ್ಯಾರಿಸ್ಸಿನಲ್ಲಿ ಇಂತಹ ಮಕ್ಕಳಿಗಾಗಿಯೇ ಶಾಲೆ ನಡೆಸಿ, ಬಳಿಕ ಅಮೆರಿಕಕ್ಕೆ ಹೋಗಿ ಅಲ್ಲಿಯೂ ಅನೇಕ ಸಂಸ್ಥೆಗಳಿಗೆ ಮಾರ್ಗದರ್ಶನ ಮಾಡಿದರು. ಮೊದಲು ಸ್ನಾಯುಗಳ ಹಿಡಿತ, ಬಳಿಕ ಇಂದ್ರಿಯಗಳ ಸೂಕ್ಷ್ಮತೆ, ಆಮೇಲೆ ವಿಚಾರಶಕ್ತಿ, ಕಟ್ಟಕಡೆಗೆ ಸ್ವಂತ ದುಡಿಮೆಯ ಬಾಳು, ಇದು ಸೆಗ್ವಾಂ ತೋರಿದ ಸೋಪಾನಮಾರ್ಗ. ಮಾಂಟೆಸ್ಸರಿಯವರು ಈ ಇಬ್ಬರ ಬರಹಗಳನ್ನು ಇಟಾಲಿಯನ್ ಭಾಷೆಗೆ ತಮ್ಮ ಕೈಯಿಂದಲೇ ಮೊದಲಿನಿಂದ ಕಡೆಯವರೆಗೆ ಬರೆದುಕೊಂಡರು. ಪ್ರತಿಯೊಂದು ಶಬ್ದದ ಭಾರವನ್ನು ತೂಗಿ ನೋಡುವಷ್ಟು ನಿಧಾನವಾಗಿ ಓದಬೇಕೆಂಬುದೇ ಅದರ ಉದ್ದೇಶವಾಗಿತ್ತು.

ಔಷಧದಿಂದಲ್ಲ, ಅಧ್ಯಾಪನದಿಂದ

1898ರಲ್ಲಿ ತೂರಿನ್ ನಗರದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಅವರು ದಿಟ್ಟತನದಿಂದ ತಮ್ಮ ಮತವನ್ನು ಮುಂದಿಟ್ಟರು. ಬುದ್ಧಿಮಾಂದ್ಯವು ಮುಖ್ಯವಾಗಿ ವೈದ್ಯರ ಸಮಸ್ಯೆಯಲ್ಲ, ಶಿಕ್ಷಕರ ಸಮಸ್ಯೆ ಎಂಬುದೇ ಅದರ ಸಾರ. ಸ್ವತಃ ವೈದ್ಯೆಯಾದವರು ಇದನ್ನು ಹೇಳಿದ್ದರಿಂದ ಸಭೆಯು ಕಿವಿಗೊಟ್ಟಿತು. ಈ ಮಕ್ಕಳ ಶಿಕ್ಷಣಕ್ಕಾಗಿ ರಾಷ್ಟ್ರೀಯ ಸಂಘವೊಂದು ಸ್ಥಾಪಿತವಾಗಿ, 1900ರಲ್ಲಿ ಅದರ ಆಶ್ರಯದಲ್ಲಿ ರೋಮ್ ನಗರದಲ್ಲಿ ವಿಶೇಷ ಶಾಲೆಯೂ, ಅಂತಹ ಮಕ್ಕಳಿಗೆ ಕಲಿಸುವ ಶಿಕ್ಷಕರ ತರಬೇತಿಯೂ ಆರಂಭವಾದವು. ಡಾ. ಜುಸೆಪ್ಪೆ ಮೊಂತೆಸಾನೊ ಅವರೊಡನೆ ಮಾಂಟೆಸ್ಸರಿಯವರು ಅದರ ಸಹನಿರ್ದೇಶಕರಾದರು.

ಅಲ್ಲಿ ಅವರು ಬರಿಯ ಮೇಲ್ವಿಚಾರಣೆ ಮಾಡುತ್ತ ಕುಳಿತುಕೊಳ್ಳಲಿಲ್ಲ. ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ ಸ್ವತಃ ಮಕ್ಕಳ ನಡುವೆ ಇದ್ದು ಕಲಿಸಿದರು. ರಾತ್ರಿ ಅಂದಿನ ಅನುಭವಗಳನ್ನು ಬರೆದಿಟ್ಟರು. ತೂತುಗಳಲ್ಲಿ ಸರಿಯಾಗಿ ಕೂಡುವ ಮರದ ಗುಂಡುಗಳು, ಗುಂಡಿ ಹಾಕುವ ಮತ್ತು ಲಾಡಿ ಕಟ್ಟುವ ಚೌಕಟ್ಟುಗಳು, ಬೆರಳಿನಿಂದ ಸವರಿ ತಿಳಿಯಬೇಕಾದ ಅಕ್ಷರಗಳು, ಇಂತಹ ಸಾಮಗ್ರಿಗಳನ್ನು ಮಾಡಿಸಿದರು. ಹನ್ನೊಂದು ವರ್ಷದ ಬಾಲಿಕೆಯೊಬ್ಬಳಿಗೆ ಹೊಲಿಗೆ ಕಲಿಸಲು ಎಷ್ಟು ಯತ್ನಿಸಿದರೂ ಸಾಧ್ಯವಾಗಲಿಲ್ಲ. ಸೂಜಿಯನ್ನು ದಾರದ ಮೇಲೆ ಕೆಳಗೆ ಆಡಿಸುವ ಮೊದಲ ಹೆಜ್ಜೆಯೇ ಅವಳಿಗೆ ಹತ್ತಲಿಲ್ಲ. ಮಾಂಟೆಸ್ಸರಿಯವರು ಸೂಜಿಯನ್ನು ಬದಿಗಿರಿಸಿ, ಕಾಗದದ ಪಟ್ಟಿಗಳನ್ನು ಒಂದರ ಮೇಲೊಂದರ ಕೆಳಗೆ ತೂರಿಸಿ ಚಾಪೆ ಹೆಣೆಯುವ ಆಟವನ್ನು ಅವಳಿಗೆ ಕೊಟ್ಟರು. ಅದರಲ್ಲಿ ಕೈ ಪಳಗಿದ ಬಳಿಕ ಸೂಜಿಯನ್ನು ಕೊಟ್ಟಾಗ ಅವಳು ಹೊಲಿಯತೊಡಗಿದಳು. ನಮ್ಮ ಭಾಗದ ಕೌದಿ ಹೊಲಿಯುವ ಹಿರಿಯ ಹೆಂಗಸರು ಈ ಮರ್ಮವನ್ನು ಸುಲಭವಾಗಿ ಅರಿತುಕೊಂಡಾರು. ಮಗು ಒಂದು ಕೆಲಸವನ್ನು ಮಾಡಲಾರದೆ ಹೋದರೆ ಅದನ್ನೇ ಮತ್ತೆ ಮತ್ತೆ ಹೇರುವುದು ವ್ಯರ್ಥ. ಆ ಕೆಲಸದೊಳಗಿನ ಚಲನೆಯನ್ನು ಬೇರ್ಪಡಿಸಿ, ಬೇರೊಂದು ಸುಲಭರೂಪದಲ್ಲಿ ಮೊದಲು ಕಲಿಸಬೇಕು. ಬೆರಳಿನಿಂದ ಅಕ್ಷರವನ್ನು ಸವರಿದ ಮಗು ಮುಂದೆ ಲೇಖನಿಯನ್ನು ಹಿಡಿಯುವುದರ ಹಿಂದಿನ ಗುಟ್ಟೂ ಇದೇ.

ಇದರ ಫಲವು ಜನರನ್ನು ಬೆರಗುಗೊಳಿಸಿತು. ಕಲಿಯಲಾರರೆಂದು ಬದಿಗಿಟ್ಟ ಕೆಲವು ಮಕ್ಕಳು ಓದುಬರಹಗಳಲ್ಲಿ ಸಾಮಾನ್ಯ ಮಕ್ಕಳ ಜೊತೆಗೆ ಸಾರ್ವಜನಿಕ ಪರೀಕ್ಷೆಗೆ ಕುಳಿತು ಉತ್ತೀರ್ಣರಾದರು. ಎಲ್ಲರೂ ಇದನ್ನು ಪವಾಡವೆಂದು ಹೊಗಳುತ್ತಿರುವಾಗ ಮಾಂಟೆಸ್ಸರಿಯವರ ಮನಸ್ಸನ್ನು ಕಾಡಿದ ಪ್ರಶ್ನೆ ಬೇರೊಂದು. ಇಷ್ಟು ಹಿಂದೆ ಬಿದ್ದ ಮಕ್ಕಳು ಇಷ್ಟು ಮುಂದೆ ಬರಬಹುದಾದರೆ, ಆರೋಗ್ಯವಂತ ಮಕ್ಕಳನ್ನು ಸಾಮಾನ್ಯ ಶಾಲೆಗಳು ಎಷ್ಟು ಕೆಳಗೆ ಅದುಮಿಟ್ಟಿರಬೇಕು? ಮುಂದಿನ ಅವರ ಲೋಕಪ್ರಸಿದ್ಧ ಕಾರ್ಯವೆಲ್ಲವೂ ಈ ಪ್ರಶ್ನೆಯಿಂದಲೇ ಹೊರಟಿತು.

ಒಡಲ ನೋವು

ಈ ಕಾಲದಲ್ಲಿಯೇ ಅವರ ಸ್ವಂತ ಬಾಳಿನಲ್ಲಿ ದೊಡ್ಡದೊಂದು ನೋವು ನೆಲೆಸಿತು. ಡಾ. ಮೊಂತೆಸಾನೊ ಅವರಿಂದ 1898ರಲ್ಲಿ ಅವರಿಗೆ ಮಾರಿಯೊ ಎಂಬ ಮಗನು ಜನಿಸಿದನು. ವಿವಾಹವಾಗಿರಲಿಲ್ಲ. ವಿಷಯವು ಬಯಲಾದರೆ ಹೆಣ್ಣೊಬ್ಬಳ ವೃತ್ತಿ, ಗೌರವಗಳೆಲ್ಲವೂ ಮಣ್ಣುಗೂಡುವ ಕಾಲವದು. ಮಗುವನ್ನು ಹಳ್ಳಿಯ ಕುಟುಂಬವೊಂದರ ಪೋಷಣೆಗೆ ಒಪ್ಪಿಸಬೇಕಾಯಿತು. ಲೋಕವು ದೂರವಿಟ್ಟ ಮಕ್ಕಳಿಗಾಗಿ ಹಗಲಿರುಳು ದುಡಿದ ತಾಯಿಗೆ ತನ್ನ ಮಗುವನ್ನೇ ದೂರವಿಡುವ ಪ್ರಸಂಗ ಒದಗಿತು. 1901ರಲ್ಲಿ ಅವರು ಆ ಶಾಲೆಯನ್ನು ಬಿಟ್ಟು, ತತ್ತ್ವಶಾಸ್ತ್ರ, ಶಿಕ್ಷಣಶಾಸ್ತ್ರ, ಮಾನವಶಾಸ್ತ್ರಗಳ ಅಭ್ಯಾಸಕ್ಕಾಗಿ ಮತ್ತೆ ವಿಶ್ವವಿದ್ಯಾಲಯದ ಮೆಟ್ಟಿಲೇರಿದರು. ಮಗನು ತಾಯಿಯ ಬಳಿಗೆ ಬಂದು ಸೇರಿದ್ದು ಹದಿಹರೆಯದಲ್ಲಿ. ಬಂದ ಮೇಲೆ ಮಾತ್ರ ಕಡೆಯತನಕ ಆಕೆಯ ಬಲಗೈಯಾಗಿ ನಿಂತನು. ಸಮಾಜದ ಅಂಜಿಕೆಯು ಮಕ್ಕಳ ಮೇಲೆ ಎಂತಹ ಭಾರವನ್ನು ಹೊರಿಸುತ್ತದೆಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಮಕ್ಕಳ ಮನೆ

ರೋಮ್ ನಗರದ ಸಾನ್ ಲೊರೆಂಜೊ ಎಂಬುದು ಕಡುಬಡವರ ಕೇರಿ. ಅಲ್ಲಿನ ಹಳೆಯ ಮನೆಗಳನ್ನು ದುರಸ್ತಿಗೊಳಿಸಿದ ಸಂಸ್ಥೆಯೊಂದು, ತಂದೆತಾಯಿಗಳು ಕೂಲಿಗೆ ಹೋದಾಗ ಗೋಡೆಗಳನ್ನು ಕೆಡಿಸುತ್ತ ಅಲೆಯುವ ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಮಾಂಟೆಸ್ಸರಿಯವರನ್ನು ಕೇಳಿಕೊಂಡಿತು. 1907ರ ಜನವರಿ 6ರಂದು ಸುಮಾರು ಐವತ್ತು ಮಕ್ಕಳಿಂದ ಮೊದಲ ಮಕ್ಕಳ ಮನೆಯು ಪ್ರಾರಂಭವಾಯಿತು. ವಿಶೇಷ ಶಾಲೆಗಾಗಿ ಮಾಡಿಸಿದ್ದ ಸಾಮಗ್ರಿಗಳನ್ನೇ ಇಲ್ಲಿ ತಂದಿರಿಸಿದರು. ಮಕ್ಕಳು ಬಹುಮಾನದ ಆಸೆಯಿಲ್ಲದೆ, ದಂಡನೆಯ ಭಯವಿಲ್ಲದೆ, ತಾವಾಗಿಯೇ ಕೆಲಸವನ್ನು ಆರಿಸಿಕೊಂಡು ತಲ್ಲೀನರಾದರು. ನಾಲ್ಕೈದು ವರ್ಷದ ಕೂಸುಗಳು ಬರೆಯತೊಡಗಿದವು. ವೈದ್ಯೆಯಾದ ಅವರು ಮಕ್ಕಳ ಎತ್ತರ, ತೂಕ, ಸ್ನಾನ, ಆಹಾರಗಳನ್ನೂ ಶಾಲೆಯ ಕೆಲಸದಲ್ಲಿಯೇ ಸೇರಿಸಿದರು. ಆರೋಗ್ಯ ಬೇರೆ, ಶಿಕ್ಷಣ ಬೇರೆ ಎಂಬ ಭೇದವು ಅವರಲ್ಲಿರಲಿಲ್ಲ. 1909ರಲ್ಲಿ ಪ್ರಕಟವಾದ ಅವರ ಗ್ರಂಥವು ಅನೇಕ ಭಾಷೆಗಳಿಗೆ ಅನುವಾದಗೊಂಡು ಅವರ ಹೆಸರು ದೇಶದೇಶಗಳಲ್ಲಿ ಹಬ್ಬಿತು.

ಭಾರತದಲ್ಲಿ

ಇಟಲಿಯ ಸರ್ವಾಧಿಕಾರಿ ಮುಸೊಲಿನಿ ಮೊದಲು ಅವರ ಶಾಲೆಗಳಿಗೆ ನೆರವಿತ್ತನು. ಮಕ್ಕಳನ್ನು ಪ್ರಭುತ್ವದ ಅಚ್ಚಿನಲ್ಲಿ ಎರಕ ಹೊಯ್ಯಬೇಕೆಂಬ ಅವನ ಹಂಬಲಕ್ಕೆ ಅವರು ಒಪ್ಪದಿದ್ದಾಗ 1934ರಲ್ಲಿ ಸಂಬಂಧವು ಕಡಿದುಹೋಗಿ, ಅಲ್ಲಿನ ಅವರ ಶಾಲೆಗಳು ಮುಚ್ಚಿದವು; ಜರ್ಮನಿಯಲ್ಲಿಯೂ ನಾಜಿಗಳ ಕೈಯಲ್ಲಿ ಅದೇ ಗತಿಯಾಯಿತು. ಸ್ಪೇನ್ ದೇಶದ ಅಂತರ್ಯುದ್ಧದಿಂದಾಗಿ 1936ರಲ್ಲಿ ಅಲ್ಲಿಂದಲೂ ಹೊರಟು ಹಾಲೆಂಡ್ ದೇಶವನ್ನು ಸೇರಿದರು.

ಥಿಯಾಸಾಫಿಕಲ್ ಸೊಸೈಟಿಯ ಆಮಂತ್ರಣದ ಮೇರೆಗೆ 1939ರಲ್ಲಿ, ತಮ್ಮ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ಮದರಾಸಿನ ಅಡಯಾರಿಗೆ ಬಂದರು. ಮೊದಲ ತರಬೇತಿಗೇ ಸುಮಾರು ಮುನ್ನೂರು ಶಿಕ್ಷಕರು ನೆರೆದರು. ಕೆಲವೇ ತಿಂಗಳು ಇರಬೇಕೆಂದು ಬಂದವರು ಮಹಾಯುದ್ಧದಿಂದಾಗಿ ಇಲ್ಲಿಯೇ ಉಳಿಯಬೇಕಾಯಿತು. 1940ರ ಜೂನ್ ತಿಂಗಳಿನಲ್ಲಿ ಇಟಲಿಯು ಯುದ್ಧಕ್ಕೆ ಇಳಿದಾಗ ಬ್ರಿಟಿಷ್ ಸರಕಾರವು ಮಾರಿಯೊ ಅವರನ್ನು ಶತ್ರುದೇಶದ ಪ್ರಜೆಯೆಂದು ಬಂಧನ ಶಿಬಿರದಲ್ಲಿರಿಸಿತು. ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಕಾಣಿಕೆಯೆಂಬಂತೆ ವೈಸರಾಯರು ಅವರನ್ನು ಬಿಡುಗಡೆ ಮಾಡಿದರು. ಮುಂದೆ ಕೋಡೈಕಾನಲ್, ಅಹಮದಾಬಾದ್, ಕರಾಚಿ ಮೊದಲಾದೆಡೆಗಳಲ್ಲಿ ತರಬೇತಿಗಳು ನಡೆದು, ಭಾರತ ಉಪಖಂಡದ ಸಾವಿರಕ್ಕೂ ಹೆಚ್ಚು ಶಿಕ್ಷಕರು ಅವರಿಂದ ದೀಕ್ಷೆ ಪಡೆದರು. ಅಹಮದಾಬಾದಿನ ಉಪನ್ಯಾಸಗಳಿಂದ ಅವರ ಪ್ರಸಿದ್ಧ ಗ್ರಂಥವೊಂದು ರೂಪುಗೊಂಡಿತು. 1946ರಲ್ಲಿ ಯುರೋಪಿಗೆ ಮರಳಿ, ಮತ್ತೆ 1947ರಲ್ಲಿ ಬಂದು 1949ರವರೆಗೆ ಇಲ್ಲಿ ಕೆಲಸಮಾಡಿದರು. ಮೂರು ಸಲ ನೊಬೆಲ್ ಶಾಂತಿ ಪಾರಿತೋಷಕಕ್ಕೆ ಅವರ ಹೆಸರು ಸೂಚಿತವಾಗಿತ್ತು. 1952ರ ಮೇ 6ರಂದು ಹಾಲೆಂಡಿನ ಕಡಲತೀರದ ನೋರ್ಡ್‌ವೈಕ್ ಎಂಬ ಊರಿನಲ್ಲಿ, ಎಂಬತ್ತೊಂದು ವರ್ಷಗಳ ತುಂಬುಜೀವನವನ್ನು ನಡೆಸಿ, ಅವರು ಇಹಲೋಕವನ್ನು ತ್ಯಜಿಸಿದರು.

ನಮಗೆ ಉಳಿದ ಋಣ

ಮಾಂಟೆಸ್ಸರಿಯವರ ಎಲ್ಲ ಮತಗಳೂ ಇಂದು ಅಂಗೀಕೃತವೆಂದಲ್ಲ. ಇಂತಹ ಮಕ್ಕಳಿಗೆ ಪ್ರತ್ಯೇಕ ತರಗತಿ, ಪ್ರತ್ಯೇಕ ಶಾಲೆಗಳೇ ದಾರಿಯೆಂದು ಅವರ ಕಾಲವು ನಂಬಿತ್ತು. ಸಾಧ್ಯವಾದಷ್ಟು ಮಟ್ಟಿಗೆ ಎಲ್ಲರ ಜೊತೆಯಲ್ಲಿಯೇ ಕಲಿಯಬೇಕೆಂದು ಇಂದಿನ ವಿಚಾರ. ಬುದ್ಧಿಮಾಂದ್ಯದ ಕಾರಣಗಳ ತಿಳಿವಳಿಕೆಯೂ ಬಹಳ ಬೆಳೆದಿದೆ. ಡೌನ್ ಸಿಂಡ್ರೋಮಿಗೆ ಹೆಚ್ಚಿನ ಒಂದು ವರ್ಣತಂತುವೇ ಕಾರಣವೆಂಬುದು 1959ರಲ್ಲಿ ಗೊತ್ತಾಯಿತು. ಹೆರಿಗೆಯಲ್ಲಿ ಉಸಿರುಗಟ್ಟುವುದು, ಮೆದುಳಿಗೆ ಏರುವ ಜ್ವರ, ಗರ್ಭಿಣಿಯರಲ್ಲಿ ಅಯೋಡಿನ್ ಕೊರತೆ, ಇವುಗಳಿಂದ ಆಗುವ ಹಾನಿಯನ್ನು ಬಹುಮಟ್ಟಿಗೆ ತಡೆಯಬಹುದು. ಹುಟ್ಟಿನಿಂದಲೇ ಥೈರಾಯ್ಡ್ ರಸ ಕಡಿಮೆಯಿರುವ ಶಿಶುವಿಗೆ ಮೊದಲ ಕೆಲವು ವಾರಗಳಲ್ಲಿಯೇ ಔಷಧ ಕೊಟ್ಟರೆ ಬುದ್ಧಿಯು ಸಹಜವಾಗಿ ಬೆಳೆಯುತ್ತದೆ. ತಡವಾದರೆ ಹಾನಿಯನ್ನು ಪೂರ್ಣವಾಗಿ ಸರಿಪಡಿಸಲಾಗದು. ಹರಕೆ, ತಾಯಿತಗಳಲ್ಲಿ ಕಳೆಯುವ ತಿಂಗಳುಗಳ ಬೆಲೆ ಎಷ್ಟೆಂಬುದು ಇದರಿಂದ ವೇದ್ಯವಾಗುತ್ತದೆ. ಬುದ್ಧಿಮಾಂದ್ಯವು ಮನೋರೋಗವಲ್ಲವೆಂಬುದನ್ನೂ, ತಾಯಿಯ ಪಾಪದ ಫಲವಲ್ಲವೆಂಬುದನ್ನೂ ಮನೆಮನೆಗೆ ತಿಳಿಸುವ ಕೆಲಸ ಇನ್ನೂ ಬಾಕಿಯಿದೆ.

ನಮ್ಮ ದೇಶದಲ್ಲಿ ಕಾನೂನಿನ ಆಸರೆಯೂ ಹಂತಹಂತವಾಗಿ ದೊರೆತಿದೆ. ಬೀದರಕ್ಕೆ ಹತ್ತಿರವಾದ ಸಿಕಂದರಾಬಾದಿನಲ್ಲಿ 1984ರಲ್ಲಿ ಈ ಮಕ್ಕಳಿಗಾಗಿಯೇ ರಾಷ್ಟ್ರೀಯ ಸಂಸ್ಥೆಯು ಸ್ಥಾಪಿತವಾಯಿತು. 1995ರಲ್ಲಿ ಅಂಗವಿಕಲರ ಅಧಿನಿಯಮ, 1999ರಲ್ಲಿ ತಂದೆತಾಯಿಗಳ ತರುವಾಯ ಪಾಲಕತ್ವದ ಏರ್ಪಾಟಿಗೆ ಅವಕಾಶವೀಯುವ ರಾಷ್ಟ್ರೀಯ ನ್ಯಾಸ ಅಧಿನಿಯಮ, 2016ರಲ್ಲಿ ಇಪ್ಪತ್ತೊಂದು ಬಗೆಯ ವಿಕಲತೆಗಳನ್ನು ಗುರುತಿಸಿದ ಹಕ್ಕುಗಳ ಅಧಿನಿಯಮ ಬಂದವು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮತ್ತು ಶಾಲಾ ಮಕ್ಕಳ ಬೆಳವಣಿಗೆಯ ತಪಾಸಣೆಯೂ ಸೇರಿದೆ. ಆದರೆ ಅಧಿನಿಯಮವು ತಾನಾಗಿ ಮನೆಯ ಬಾಗಿಲನ್ನು ತಟ್ಟಲಾರದು. ಮನೆಯವರು ಮಗುವನ್ನು ಒಳಗಿನ ಕೋಣೆಯಲ್ಲಿ ಮರೆಮಾಡಿದರೆ, ಅಕ್ಕತಂಗಿಯರ ಲಗ್ನಕ್ಕೆ ಅಡ್ಡಿಯಾದೀತೆಂದು ಅಂಜಿದರೆ, ತಪಾಸಣೆಯ ವೈದ್ಯರು ಬಂದ ದಿನ ಆ ಮಗುವು ಶಾಲೆಯಲ್ಲಿರುವುದೇ ಇಲ್ಲ.

ಇಲ್ಲಿ ಶಿಕ್ಷಕರ ಹೊಣೆ ದೊಡ್ಡದು. ಮಹಾರಾಷ್ಟ್ರದ ಗಡಿಗೆ ಹತ್ತಿರವಾದ ಠಾಣಾ ಕುಶನೂರ, ಔರಾದ, ಕಮಲನಗರಗಳ ಕಡೆ ಮನೆಯಲ್ಲಿ ಮರಾಠಿಯನ್ನೋ ಉರ್ದುವನ್ನೋ ಆಡುವ ಮಗು ಶಾಲೆಯಲ್ಲಿ ಕನ್ನಡವನ್ನು ಎದುರಿಸುತ್ತದೆ. ಭಾಷೆಯ ತೊಡಕಿನಿಂದ ಮೌನವಾಗಿರುವ ಮಗುವನ್ನೂ, ಕಿವಿ ಮಂದವಾದ ಮಗುವನ್ನೂ, ನಿಜವಾಗಿ ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಗುವನ್ನೂ ಒಂದೇ ಸಾಲಿನಲ್ಲಿ ಕೂರಿಸಿ ದಡ್ಡರೆಂದು ಕರೆಯುವುದು ಮೂವರಿಗೂ ಮಾಡುವ ಅನ್ಯಾಯ. ಮಾಂಟೆಸ್ಸರಿಯವರು ಮೊದಲು ಕಲಿತದ್ದು ಬೋಧಿಸುವುದನ್ನಲ್ಲ, ನೋಡುವುದನ್ನು.

ನಮ್ಮ ನಾಡಿಗೆ ಈ ಮಾರ್ಗವು ಅಪರಿಚಿತವೇನಲ್ಲ. ಕಮಲನಗರದಲ್ಲಿ ಜನಿಸಿದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕವನ್ನಿಟ್ಟು ಒಳಗೆ ಕನ್ನಡ ಕಲಿಸಿ, ಮಕ್ಕಳಿಗೆ ಅವರ ನುಡಿಯನ್ನು ಉಳಿಸಿಕೊಟ್ಟರು. ಹಾನಗಲ್ಲ ಕುಮಾರ ಸ್ವಾಮಿಗಳ ಕೃಪೆಯಲ್ಲಿ ಬೆಳೆದ ಅಂಧ ಬಾಲಕ ಪಂಚಾಕ್ಷರಿ ಗವಾಯಿಗಳು ಗದುಗಿನ ಪುಣ್ಯಾಶ್ರಮದ ಮೂಲಕ ಅಸಂಖ್ಯ ಅಂಧರಿಗೆ ನಾದದ ಬೆಳಕನ್ನು ನೀಡಿದರು. ಕಣ್ಣಿಲ್ಲದವರಿಗೆ ನಮ್ಮ ಮಠಗಳು ಮಾಡಿದ್ದನ್ನು ಬುದ್ಧಿಯು ನಿಧಾನವಾಗಿ ಅರಳುವವರಿಗೂ ಮಾಡಬಾರದೇಕೆ? ದಾಸೋಹದ ಪ್ರಸಾದವು ಅವರಿಗೆ ಎಂದೂ ತಪ್ಪಿಲ್ಲ; ತಪ್ಪಿರುವುದು ಕಾಯಕ. ಶರಣರು ಕಾಯಕದಲ್ಲಿ ಮೇಲುಕೀಳನ್ನು ಎಣಿಸಲಿಲ್ಲ. ಪತ್ರಾವಳಿ ಹಚ್ಚುವುದು, ಹೂದೋಟಕ್ಕೆ ನೀರೆರೆಯುವುದು, ವಿಭೂತಿಯ ಉಂಡೆಗಳನ್ನು ಜೋಡಿಸುವುದು, ಇಂತಹ ಯಾವುದೇ ಕೆಲಸವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಬಿಡಿಸಿ ಕಲಿಸಿದರೆ ಅವರೂ ಕಾಯಕಜೀವಿಗಳಾಗಬಲ್ಲರು. ಅನ್ನವನ್ನು ಉಣ್ಣುವವನೆಂಬ ಸ್ಥಾನದಿಂದ ಅನ್ನವನ್ನು ಗಳಿಸುವವನೆಂಬ ಸ್ಥಾನಕ್ಕೆ ಒಬ್ಬನನ್ನು ಏರಿಸುವುದೇ ಶಿಕ್ಷಣದ ಸಾರ್ಥಕತೆ. ಸೆಗ್ವಾಂ ತೋರಿದ ಕಡೆಯ ಸೋಪಾನವೂ ಅದೇ.

ಶಾಲೆಗೆ ಕೊಠಡಿಗಳನ್ನು ಕಟ್ಟಿಸಿಕೊಡುವ ದಾನಿಗಳು ಒಂದು ಕೊಠಡಿಯನ್ನು ಈ ಮಕ್ಕಳ ಹೆಸರಿನಲ್ಲಿಯೂ ಕಟ್ಟಿಸಲಿ. ಅದಕ್ಕೆ ತರಬೇತಿ ಹೊಂದಿದ ಶಿಕ್ಷಕರೊಬ್ಬರ ವೇತನದ ವ್ಯವಸ್ಥೆಯೂ ಕೂಡಿಬರಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಓಣಿಯಲ್ಲಿ ಶಾಲೆಗೆ ಬಾರದೆ ಉಳಿದ ಅಂತಹ ಒಂದೊಂದು ಮಗುವನ್ನು ಗುರುತಿಸಿ ಕರೆತರಲಿ. ರೋಮ್ ನಗರದ ಬರಿದಾದ ಕೋಣೆಯಲ್ಲಿ ರೊಟ್ಟಿಯ ಚೂರುಗಳನ್ನು ಹೆಕ್ಕುತ್ತಿದ್ದ ಮಕ್ಕಳ ಕೈಗೆ ಆ ಮಹಾತಾಯಿಯು ಸಾಧನಗಳನ್ನಿತ್ತರು. ನಮ್ಮ ಊರುಗಳ ಕಟ್ಟೆಗಳ ಮೇಲೆ ಬರಿಗೈಯಲ್ಲಿ ಕುಳಿತಿರುವ ಮಕ್ಕಳ ಕೈಗೆ ಕೆಲಸವನ್ನೂ, ಮೈಗೆ ಆರೋಗ್ಯವನ್ನೂ, ಮನಕ್ಕೆ ಮರ್ಯಾದೆಯನ್ನೂ ಕೊಡುವ ಶಕ್ತಿಯನ್ನು ಬಸವಾದಿ ಪ್ರಮಥರು ನಮಗೆಲ್ಲ ಕರುಣಿಸಲಿ.